ಶಾಲೆಯ ಮಕ್ಕಳ ಸುರಕ್ಷತೆ: ಊರಿನ ಹೊಣೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸೊಸೈಟಿಗೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಷೇರು, ಸಾಲ, ಠೇವಣಿಗಳ ಲೆಕ್ಕವನ್ನು ಕಾರ್ಯದರ್ಶಿಗಳು ತಮ್ಮ ಮುಂದೆ ಇಟ್ಟಿದ್ದಾರೆ. ನಾವು ಬೇರೊಂದು ಲೆಕ್ಕ ಹೇಳಬೇಕೆಂದಿದ್ದೇವೆ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಶಾಲೆಗೆ ಹೋದ ಮಕ್ಕಳಷ್ಟೂ ಸಂಜೆ ಮನೆಗೆ ಬರಬೇಕು. ಈ ಲೆಕ್ಕದಲ್ಲಿ ಒಂದು ಕಡಿಮೆಯಾದರೂ ಯಾವ ಆಡಿಟರೂ ಅದನ್ನು ಸರಿಮಾಡಲಾರರು.

"ಅದಕ್ಕೆ ಮೇಷ್ಟ್ರು ಇದ್ದಾರೆ, ಸರ್ಕಾರ ಇದೆ, ಸೊಸೈಟಿಗೇನ್ರೀ ಸಂಬಂಧ?" ಎಂದು ತಾವು ಕೇಳಬಹುದು. ಸಂಬಂಧ ಇದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಪರೀಕ್ಷೆ ಮಾಡಿದಾಗ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೋಫಾಸ್ ಸಿಕ್ಕಿತು. ಇದು ಬೆಳೆಗೆ ಹೊಡೆಯುವ ಔಷಧಿ. ಔಷಧಿ ಇದ್ದ ಡಬ್ಬದಲ್ಲೇ ಎಣ್ಣೆ ಇಟ್ಟಿರಬೇಕೆಂದು ಆಗ ಅಧಿಕಾರಿಗಳು ಹೇಳಿದ್ದರು. ಅಂದರೆ ವಿಷ ಶಾಲೆಯಲ್ಲಿ ಹುಟ್ಟಿದ್ದಲ್ಲ, ಹೊಲದ ಕಡೆಯಿಂದ ಬಂದದ್ದು. ನಾವು ರೈತರು ಯೋಚಿಸಬೇಕಾದ್ದು ಇಲ್ಲೇ.

ಆದ್ದರಿಂದ ಔಷಧಿ ಹೊಡೆದಾದ ಮೇಲೆ ಖಾಲಿ ಡಬ್ಬವನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರಿಗೇ ಹಾಕಿ, ಡಬ್ಬಕ್ಕೆ ತೂತು ಹೊಡೆದುಬಿಡಬೇಕು. ತೂತಾದ ಡಬ್ಬದಲ್ಲಿ ಯಾರೂ ನೀರು, ಎಣ್ಣೆ, ಮಜ್ಜಿಗೆ ತುಂಬುವುದಿಲ್ಲ. ಲೇಬಲ್ಲಿನ ಮೇಲಿನ ಬಣ್ಣದ ಗುರುತನ್ನು ಮಕ್ಕಳಿಗೂ ಕಲಿಸಬೇಕು. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತ ಅರ್ಥವಲ್ಲ, ಅದೂ ವಿಷವೇ. ಯಾವ ಮಗುವಾದರೂ ಅಪ್ಪಿತಪ್ಪಿ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬದ ಸಮೇತ ಆಸ್ಪತ್ರೆಗೆ ಓಡಿ. ಲೇಬಲ್ ನೋಡಿದರೆ ಡಾಕ್ಟರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಇನ್ನು ಬೆಂಕಿಯ ಮಾತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಮನೆಯ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಸತ್ತರು. ಕೆಳಗಿಳಿಯುವ ದಾರಿ ಇಕ್ಕಟ್ಟಾಗಿತ್ತು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದೇಶ ಡೆಲ್ಲಿಯಲ್ಲಿ ಆದರೆ ಸಾಲದು, ಬಿಸಿಯೂಟದ ಕೋಣೆಯ ಗೋಡೆಗೆ ಬಂದು ನೇತಾಡಬೇಕು. ಸಿಲಿಂಡರಿನ ಪೈಪು ಬಿರುಕು ಬಿಟ್ಟಿದೆಯೆ, ಬಾಗಿಲಿಗೆ ಅಡ್ಡವಾಗಿ ಸೌದೆ ಮೂಟೆ ಪೇರಿಸಿದ್ದಾರೆಯೆ ಎಂದು ನೋಡಲು ಇಂಜಿನಿಯರೇ ಬರಬೇಕೆ?

ಹಾವಿನ ಸಂಗತಿ ನಮಗೆ ಹೊಸದಲ್ಲ. 2019ರ ನವೆಂಬರಿನಲ್ಲಿ ಕೇರಳದ ವಯನಾಡಿನಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳಿಗೆ ಕ್ಲಾಸಿನೊಳಗೇ ಹಾವು ಕಚ್ಚಿತು. ನೆಲದಲ್ಲಿದ್ದ ಬಿಲದಲ್ಲಿ ಕಾಲು ಸಿಕ್ಕಿತ್ತು. ಆಸ್ಪತ್ರೆಗೆ ಒಯ್ಯಲು ತಡವಾಯಿತು, ಮಗು ಉಳಿಯಲಿಲ್ಲ. ಆ ಬಿಲ ಮುಚ್ಚಲು ಎರಡು ಬಾಂಡಲಿ ಕಾಂಕ್ರೀಟು ಸಾಕಾಗಿತ್ತು. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಮಂತ್ರ ಹಾಕಿಸುತ್ತ ಕೂರಬಾರದು. ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ವಿಷಕ್ಕೆ ಕೊಡುವ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆಂದು ಇವತ್ತೇ ಕೇಳಿಟ್ಟುಕೊಳ್ಳಬೇಕು.

ಕಟ್ಟಡದ ವಿಷಯವೂ ಹೀಗೇ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಶಾಲೆಯ ಚಾವಣಿ ಕುಸಿದು ಏಳು ಮಕ್ಕಳು ಸತ್ತರು. ಮಳೆಗಾಲದಲ್ಲಿ ಸೋರುವ ಕೊಠಡಿ, ಬಿರುಕುಬಿಟ್ಟ ಗೋಡೆ, ಗೆದ್ದಲು ಹಿಡಿದ ಜಂತೆ ಇದ್ದರೆ ಮಕ್ಕಳನ್ನು ಆ ಕೊಠಡಿಯಲ್ಲಿ ಕೂರಿಸಲೇಬಾರದು. ರಿಪೇರಿ ಹಣ ಬರುವವರೆಗೆ ನಮ್ಮ ಸೊಸೈಟಿಯ ಸಭಾಂಗಣ ಇದೆಯಲ್ಲ, ಬಿಟ್ಟುಕೊಡೋಣ.

ನಮ್ಮ ರಾಜ್ಯದ ಶಾಲೆಗಳಲ್ಲಿ 2001ರಿಂದ ಎಸ್.ಡಿ.ಎಂ.ಸಿ. ಇದೆ. ಅದರಲ್ಲಿರುವ ತಂದೆತಾಯಿಗಳೇ ಸೊಸೈಟಿಯ ಸದಸ್ಯರೂ ಹೌದು. ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇವೆ:

1. ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಎಸ್.ಡಿ.ಎಂ.ಸಿ., ಮೇಷ್ಟ್ರು, ಸೊಸೈಟಿಯವರು ಕೂಡಿ ಶಾಲೆಯನ್ನು ಸುತ್ತಿ ನೋಡುವುದು. ಸಂಪಿನ ಮುಚ್ಚಳ, ಬಿಲ, ಪೊದೆ, ಜೋತುಬಿದ್ದ ವೈರು, ಕಂಡದ್ದನ್ನೆಲ್ಲ ಬರೆಯುವುದು.

2. ಸಣ್ಣ ರಿಪೇರಿಗೆ ಒಂದು ದಿನದ ಶ್ರಮದಾನ ಮಾಡುವುದು.

3. ಸಂಘದ ಲಾಭದಲ್ಲಿ ಸಾರ್ವಜನಿಕ ಹಿತಕ್ಕೆ ತೆಗೆದಿಡುವ ಹಣದಿಂದ ಬೆಂಕಿ ಆರಿಸುವ ಸಿಲಿಂಡರು ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊಡಿಸುವುದು.

4. ಸೊಸೈಟಿಯಲ್ಲಿ ಔಷಧಿ ಕೊಂಡವರಿಗೆ ಡಬ್ಬದ ಎಚ್ಚರಿಕೆಯನ್ನು ಬಾಯಿಬಿಟ್ಟು ಹೇಳಿಯೇ ಕೊಡುವುದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮಗೆ ಬೇಡ. ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು ಎಂಬುದು ಸಹಕಾರದ ತತ್ವ. ಆ ಒಬ್ಬರು ಎಂಬಲ್ಲಿ ಒಂದನೇ ತರಗತಿಯ ಮಗುವೂ ಸೇರಿದೆ ಎಂದು ನೆನಪಿಡೋಣ. ಈ ಸಲಹೆಗಳನ್ನು ಮಹಾಸಭೆಯಲ್ಲಿ ಚರ್ಚಿಸಿ ಠರಾವು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.