ಆಲ್ಪ್ಸ್ ಪರ್ವತದ ನಾಲ್ಕು ಘಾಟಿಗಳು: ಹವ್ಯಾಸಿ ಸೈಕಲ್ ಸವಾರರ ಲಾ ಮಾರ್ಮೊಟ್

ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ಬೇಸಿಗೆಯ ಒಂದು ದಿನ ನಡೆಯುವ ಲಾ ಮಾರ್ಮೊಟ್, ಹವ್ಯಾಸಿ ಸೈಕಲ್ ಸವಾರರ ಪಾಲಿಗೆ ಯುರೋಪಿನ ಅತಿ ಕಠಿಣ ಸವಾಲುಗಳಲ್ಲಿ ಒಂದು. ಇದು ಶುರುವಾದದ್ದು 1982ರಲ್ಲಿ. ದೂರ ಸುಮಾರು 175 ಕಿಲೋಮೀಟರ್. ಬಯಲುಸೀಮೆಯ ರಸ್ತೆಯಲ್ಲಾದರೆ ಪಳಗಿದ ಸವಾರರು ಈ ದೂರಕ್ಕೆ ಹೆದರುವುದಿಲ್ಲ. ಇಲ್ಲಿ ಹೆದರಿಸುವುದು ಏರು. ನಾಲ್ಕು ಘಾಟಿಗಳನ್ನು ಕೂಡಿಸಿದರೆ ಸವಾರರು ದಿನವೊಂದರಲ್ಲಿ ಹೆಚ್ಚುಕಡಿಮೆ 5000 ಮೀಟರ್ ಮೇಲಕ್ಕೆ ಹತ್ತಬೇಕು.

ಸವಾರಿ ಹೊರಡುವುದು 720 ಮೀಟರ್ ಎತ್ತರದಲ್ಲಿರುವ ಬೂರ್ ದ್ವಾಜಾಂ ಎಂಬ ಸಣ್ಣ ಪಟ್ಟಣದಿಂದ. ಮೊದಲ ಘಾಟಿ ಗ್ಲಾಂಡಾನ್. ಅದರ ನೆತ್ತಿ 1924 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ. ಅಲ್ಲಿಂದಾಚೆಯ ಇಳಿಜಾರು ಕಿರಿದು, ಕಡಿದು. ವೇಗದ ಆಸೆಗೆ ಯಾರೂ ಪ್ರಾಣ ಒತ್ತೆಯಿಡಬಾರದೆಂದು ಅಲ್ಲಿ ಕಳೆದ ಹೊತ್ತನ್ನು ಒಟ್ಟು ಸಮಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಬಹಳ ವಿವೇಕದ ನಿಯಮ. ಬಳಿಕ ಮೊರಿಯೆನ್ ಕಣಿವೆಯ ಸಮತಟ್ಟು ರಸ್ತೆ. ಅಲ್ಲಿ ಎದುರುಗಾಳಿಗೆ ಒಬ್ಬಂಟಿಯಾಗಿ ಎದೆಯೊಡ್ಡುವವರು ಬೇಗ ಸೋಲುತ್ತಾರೆ. ಗುಂಪಿನ ಮರೆಯಲ್ಲಿ ಸಾಗುವವರ ಶಕ್ತಿ ಉಳಿಯುತ್ತದೆ.

ಕಣಿವೆ ಮುಗಿದಲ್ಲಿ ಟೆಲಿಗ್ರಾಫ್ ಘಾಟಿ ಎದುರಾಗುತ್ತದೆ. 12 ಕಿಲೋಮೀಟರ್ ಹತ್ತಿ 1566 ಮೀಟರ್ ತಲುಪಿದರೆ ವಲ್ವಾರ್ ಊರಿನವರೆಗೆ ಐದು ಕಿಲೋಮೀಟರ್ ಇಳಿತ, ಅಷ್ಟೇ ಬಿಡುವು. ಊರು ದಾಟುತ್ತಲೇ ಗಾಲಿಬಿಯೆ ಏರು. ಟೂರ್ ದ ಫ್ರಾನ್ಸ್ ಈ ಘಾಟಿಯನ್ನು ಮೊದಲು ಹತ್ತಿದ್ದು 1911ರಲ್ಲಿ. ಅಂದು ಮುಂದಿದ್ದವನು ಎಮಿಲ್ ಜಾರ್ಜೆ. ಮೊದಮೊದಲು ರಸ್ತೆ ತೊರೆಯ ಜೊತೆಜೊತೆಗೆ ನಿಧಾನವಾಗಿ ಏರುತ್ತದೆ. ಪ್ಲಾನ್ ಲಶಾ ಎಂಬಲ್ಲಿ ಚಿಕ್ಕ ಸೇತುವೆ ದಾಟಿ ತಟ್ಟನೆ ಬಲಕ್ಕೆ ಹೊರಳಿ ಗುಡ್ಡಕ್ಕೆ ಅಂಟಿಕೊಳ್ಳುತ್ತದೆ. ಉಳಿದ ಎಂಟು ಕಿಲೋಮೀಟರಿನಲ್ಲಿ ಮರದ ನೆರಳಿಲ್ಲ. ನೆತ್ತಿ 2642 ಮೀಟರ್, ನೀಲಗಿರಿಯ ದೊಡ್ಡಬೆಟ್ಟಕ್ಕಿಂತ ಐದು ಮೀಟರ್ ಹೆಚ್ಚು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲುಭಾಗಕ್ಕೂ ಮಿಕ್ಕಿ ಕಡಿಮೆ. ಕಾಲಿನಲ್ಲಿ ಕಸುವಿದ್ದರೂ ಉಸಿರು ಸಾಲದು.

ಇಷ್ಟು ಹತ್ತಲು ದೇಹ ಎಷ್ಟು ದುಡಿಯಬೇಕು? ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದರೆ, ಅದನ್ನು 5000 ಮೀಟರ್ ಎತ್ತಲು ಬೇಕಾದ ಕೆಲಸ ಸುಮಾರು 940 ಕಿಲೋಕ್ಯಾಲೊರಿ. ಆದರೆ ಸ್ನಾಯುಗಳು ಉರಿಸಿದ ಶಕ್ತಿಯ ನಾಲ್ಕನೆಯ ಒಂದು ಪಾಲಷ್ಟೇ ಪೆಡಲಿಗೆ ದಕ್ಕುತ್ತದೆ. ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಹೀಗಾಗಿ ಏರಿಗೇ 4000 ಕಿಲೋಕ್ಯಾಲೊರಿಯಷ್ಟು ಬೇಕು. ದೇಹದಲ್ಲಿ ಶರ್ಕರಪಿಷ್ಟದ ರೂಪದಲ್ಲಿ ಕೂಡಿಟ್ಟಿರುವುದು 2000ದ ಆಸುಪಾಸು. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಗಂಟೆಗೆ 60ರಿಂದ 90 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಬೀಳಲೇಬೇಕು, ಅದೂ ಹಸಿವಾಗುವ ಮೊದಲೇ. ಹಸಿವಾದ ಮೇಲೆ ತಿಂದದ್ದು ಕೂಡಲೇ ಒದಗುವುದಿಲ್ಲ.

ಗೇರಿನ ಆಯ್ಕೆಯಲ್ಲಿ ಹಮ್ಮು ಕೂಡದು. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 32 ಹಲ್ಲು ಇದ್ದರೆ, ನಿಮಿಷಕ್ಕೆ 60 ಸಲ ಪೆಡಲು ತುಳಿದಾಗ ವೇಗ ಗಂಟೆಗೆ ಎಂಟು ಕಿಲೋಮೀಟರ್. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಸಾಮಾನ್ಯ ಸವಾರರು ದಿನವಿಡೀ ತಾಳಿಕೊಳ್ಳಬಲ್ಲ ವೇಗ ಅದು. ಭಾರದ ಗೇರು ಹಾಕಿದವರ ಮಂಡಿ ಗಾಲಿಬಿಯೆಯಲ್ಲೇ ಕೈಕೊಡುತ್ತದೆ.

ಗಾಲಿಬಿಯೆಯಿಂದ ಲೋತಾರೆ ಮಾರ್ಗವಾಗಿ ಮತ್ತೆ ಬೂರ್ ದ್ವಾಜಾಂಗೆ 45 ಕಿಲೋಮೀಟರಿಗೂ ಮಿಕ್ಕಿದ ಇಳಿಜಾರು. ನೆತ್ತಿಯಲ್ಲಿ ತಳದ ಕಣಿವೆಗಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಚಳಿ. ಬೆವರಿದ ಮೈಗೆ ಗಾಳಿ ತಾಗಿ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗದು. ಹಾಗಾಗಿ ಜೇಬಿನಲ್ಲಿ ತೆಳುವಾದ ಗಾಳಿಯಂಗಿ ಇರಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ಕಾಯುತ್ತದೆ. ತಿರುವಿಗೆ ಮೊದಲು ಬಿಗಿಯಾಗಿ ಹಿಡಿದು, ತಿರುವಿನೊಳಗೆ ಬಿಡುವುದು ಸರಿಯಾದ ರೀತಿ.

ಹೊರಟ ಪಟ್ಟಣಕ್ಕೇ ಮರಳಿದ ಮೇಲೆ ಆಲ್ಪ್ ದುಯೆಜ್ ಘಾಟಿ ಉಳಿದಿರುತ್ತದೆ: 13.8 ಕಿಲೋಮೀಟರ್, 21 ಹೇರ್‌ಪಿನ್ ತಿರುವು. ತಿರುವುಗಳ ಎಣಿಕೆ ಕೆಳಗಿನಿಂದ 21, 20, 19 ಎಂದು ಇಳಿಯುತ್ತ ಹೋಗುತ್ತದೆ. ಫಲಕಗಳ ಮೇಲೆ ಟೂರ್ ದ ಫ್ರಾನ್ಸ್‌ನಲ್ಲಿ ಇಲ್ಲಿ ಗೆದ್ದವರ ಹೆಸರುಗಳಿವೆ; ತೀರಾ ಕೆಳಗಿನ ಫಲಕದಲ್ಲಿ 1952ರಲ್ಲಿ ಗೆದ್ದ ಇಟಲಿಯ ಫೌಸ್ಟೊ ಕೊಪ್ಪಿಯ ಹೆಸರಿದೆ. ಮೊದಲ ಕೆಲವು ತಿರುವುಗಳೇ ಅತಿ ಕಡಿದು. ವೃತ್ತಿಪರರು 40 ನಿಮಿಷದ ಆಸುಪಾಸಿನಲ್ಲಿ ಮುಗಿಸುವ ಈ ಏರಿಗೆ, ಮೂರು ಘಾಟಿ ದಾಟಿ ದಣಿದ ಹವ್ಯಾಸಿಗೆ ಒಂದೂಮುಕ್ಕಾಲು ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಬೆಳಿಗ್ಗೆ ಗ್ಲಾಂಡಾನ್‌ನಲ್ಲಿ ಹುಮ್ಮಸ್ಸಿಗೆ ಬಿದ್ದು ದಮ್ಮು ಕಳೆದುಕೊಂಡವರು ಇಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ. ಆಗ ಪಕ್ಕದವರನ್ನು ಮುಂದೆ ಹೋಗಗೊಟ್ಟವರು ಈಗ ಅವರನ್ನು ದಾಟುತ್ತಾರೆ. ಕೊನೆಯ ತಿರುವಿನಾಚೆ ರಸ್ತೆ ಊರಿನೊಳಗೆ ಹೊಕ್ಕು, ಸುಮಾರು 1850 ಮೀಟರ್ ಎತ್ತರದ ಅಂತಿಮ ಗೆರೆ ಮುಟ್ಟುತ್ತದೆ. ವಯಸ್ಸು ಮತ್ತು ತೆಗೆದುಕೊಂಡ ಹೊತ್ತಿನ ಮೇರೆಗೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಸಿಗುತ್ತದೆ.