ನಡುನೋವೂ ಮನೋದೇಹಗಳ ವ್ಯಾಯಾಮವೂ



ನಡುನೋವು ಬಂದವನು ಮೊದಲು ಹಾಸಿಗೆ ಹಿಡಿಯುವನು. ಅಲುಗಿದರೆ ನೋವು ಹೆಚ್ಚೀತೆಂಬ ಅಂಜಿಕೆಯೇ ಅವನನ್ನು ಕಟ್ಟಿಹಾಕುವದು. ಆದರೆ ಬಹುದಿನ ಮಲಗಿದವನ ಬೆನ್ನಿನ ಸ್ನಾಯುಗಳು ಸೊರಗುವವು, ಸಂದುಗಳು ಬಿರುಸಾಗುವವು; ನೋವು ಅಂಜಿಕೆಯನ್ನೂ ಅಂಜಿಕೆಯು ನೋವನ್ನೂ ಬೆಳೆಸುತ್ತ ಹೋಗುವವು. ಆದುದರಿಂದ ದೇಹಕ್ಕೆ ಮಾತ್ರ ಮದ್ದಿಕ್ಕಿದರೆ ಸಾಲದು.

ಯೋಗಾಸನಗಳೂ ಚೀನದೇಶದ ತಾಯ್ ಚೀ ಎಂಬ ವ್ಯಾಯಾಮವೂ ಮನಸ್ಸು ದೇಹಗಳೆರಡನ್ನೂ ಕೂಡಿಯೇ ಪಳಗಿಸುವವು. ಉಸಿರಿನಲ್ಲಿ ಲಕ್ಷ್ಯವಿಟ್ಟು ಮೆಲ್ಲನೆ ಬಾಗಿ ಏಳುವದರಿಂದ ಸ್ನಾಯುಗಳು ಬಲಿಯುವವು; ಬಾಗಿದರೂ ಕೇಡಾಗಲಿಲ್ಲವೆಂದು ಕಂಡು ಮನಸ್ಸು ಧೈರ್ಯಗೊಳ್ಳುವದು.

2008ರಲ್ಲಿ ಪ್ರಕಟವಾದ ಬೆಂಗಳೂರಿನ ಪರೀಕ್ಷೆಯೊಂದರಲ್ಲಿ ಹಳೆಯ ನಡುನೋವಿನ 80 ಮಂದಿಯನ್ನು ಎರಡು ಪಂಗಡ ಮಾಡಲಾಗಿತ್ತು; 7 ದಿನಗಳಲ್ಲಿ ಯೋಗದ ಪಂಗಡದವರು ಸಾಮಾನ್ಯ ವ್ಯಾಯಾಮದವರಿಗಿಂತ ಹೆಚ್ಚು ಚೇತರಿಸಿಕೊಂಡರು. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯಸಂಸ್ಥೆಯೂ ಹಳೆಯ ನಡುನೋವಿಗೆ ಗುಳಿಗೆಗಿಂತ ಮೊದಲು ಇಂಥ ಉಪಾಯಗಳನ್ನೇ ಸೂಚಿಸಿತು.

ಆದರೂ ಕಾಲಿನ ಬಲಗುಂದಿದರೆ, ಮೂತ್ರ ತಡೆದರೆ, ಜ್ವರ ಕೂಡಿದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಉಳಿದವರು ಬಲ್ಲವರ ಬಳಿಯಲ್ಲಿ ಕಲಿತು ದಿನವೂ ಸ್ವಲ್ಪ ಸ್ವಲ್ಪ ಸಾಧಿಸಬೇಕು. ಗುಣವು ಒಮ್ಮೆಲೇ ಬಾರದು. ಬಿಡದೆ ಮಾಡಿದವನಿಗೆ ಬರುವದು. ಕಾಯಕವನ್ನು ನಂಬಿದವನಿಗೆ ಕಾಯವೇ ಮೊದಲ ಸಾಧನವಲ್ಲವೆ?