ಕಷ್ಟವೂ ರಾತ್ರಿ ಶಾಲೆಯ ದೀಪವೂ



ಮುಂಬಯಿಯ ತುಳು-ಕನ್ನಡಿಗರ ಸನ್ಮಾನ ಸಮಾರಂಭಗಳಲ್ಲಿ ತಪ್ಪದೆ ಕೇಳಿಬರುವ ಒಂದು ಮಾತಿದೆ. ಸನ್ಮಾನಿತರು ಎಳೆಯ ವಯಸ್ಸಿನಲ್ಲಿ ಬರಿಗೈಯಲ್ಲಿ ಊರು ಬಿಟ್ಟು ಬಂದರು. ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದರು. ಆ ಕಷ್ಟವೇ ಅವರನ್ನು ದೊಡ್ಡವರನ್ನಾಗಿ ಮಾಡಿತು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಮುಗಿಸುವಷ್ಟರಲ್ಲಿ ಈ ಮಾತು ಮೂರು ಬಾರಿಯಾದರೂ ಬಂದಿರುತ್ತದೆ. ಇದರ ಮೊದಲೆರಡು ಭಾಗಗಳು ಸತ್ಯ. ಮೂರನೆಯದನ್ನು ಮಾತ್ರ ಪರೀಕ್ಷಿಸದೆ ಒಪ್ಪುವಂತಿಲ್ಲ. ಒಂದೇ ಮೋರಿಯ ಬಳಿ ಕುಳಿತು ಹತ್ತು ಹುಡುಗರು ಕಪ್ಪು ತೊಳೆದಿದ್ದರು. ಶಾಲು ಬಂದದ್ದು ಒಬ್ಬನ ಹೆಗಲಿಗೆ. ಕಷ್ಟವೇ ಗುರುವಾಗಿದ್ದರೆ ಉಳಿದ ಒಂಬತ್ತು ಮಂದಿಗೆ ಆ ಗುರು ಏನನ್ನು ಕಲಿಸಿದ? ಅವರ ಕಥೆಯನ್ನು ಯಾವ ಅಭಿನಂದನ ಗ್ರಂಥವೂ ಬರೆದಿಲ್ಲ.

ಕಷ್ಟವು ಮನುಷ್ಯನ ಶೀಲವನ್ನು ರೂಪಿಸುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಚಿನ್ನವನ್ನು ಪುಟಕ್ಕಿಡುವ ಉಪಮೆ ಎಲ್ಲರಿಗೂ ಬಾಯಿಪಾಠ. ಆದರೆ ಪುಟಕ್ಕಿಟ್ಟದ್ದೆಲ್ಲ ಚಿನ್ನವಾಗಿ ಹೊರಬರುವುದಿಲ್ಲ. ಬೂದಿಯೂ ಅದೇ ಬೆಂಕಿಯಿಂದಲೇ ಆಗುತ್ತದೆ. ಬೆಂಕಿಯ ಹದವನ್ನು ನೋಡಿಕೊಳ್ಳುವ ಅಕ್ಕಸಾಲಿ ಪಕ್ಕದಲ್ಲಿದ್ದನೇ ಇಲ್ಲವೇ ಎಂಬುದನ್ನು ಉಪಮೆ ಹೇಳುವವರು ಮರೆತುಬಿಡುತ್ತಾರೆ.

ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಆ ಅಕ್ಕಸಾಲಿಯ ಹೆಸರು ರಾತ್ರಿ ಶಾಲೆ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆರಂಭದ ಕಾಲದಲ್ಲಿಯೇ ಕೈಹಾಕಿದ ಕಾರ್ಯಗಳಲ್ಲಿ ಇದೂ ಒಂದು. ಬಿಲ್ಲವರ ಸಂಘಟನೆ ಗುರು ನಾರಾಯಣರ ಹೆಸರಿನಲ್ಲಿ ರಾತ್ರಿ ಶಾಲೆ ನಡೆಸಿತು. ಕೋಟೆ ಪ್ರದೇಶದಲ್ಲಿ ಬೇರೆ ಬೇರೆ ಸಂಸ್ಥೆಗಳ ಕನ್ನಡ ರಾತ್ರಿ ಶಾಲೆಗಳು ಎದ್ದವು. ಇವುಗಳ ಹಿಂದೆ ದೊಡ್ಡ ಬಂಡವಾಳವಿರಲಿಲ್ಲ. ಹಗಲು ಮತ್ತಾವುದೋ ಶಾಲೆಯಾಗಿದ್ದ ಕಟ್ಟಡದ ಕೋಣೆಗಳನ್ನು ಸಂಜೆ ಬಳಸಿಕೊಳ್ಳುತ್ತಿದ್ದರು. ಹಗಲು ಗುಮಾಸ್ತನಾಗಿಯೋ ಹಗಲಿನ ಶಾಲೆಯ ಮಾಸ್ತರನಾಗಿಯೋ ದುಡಿದವನೇ ಸಂಜೆ ಬಂದು ಪಾಠ ಹೇಳುತ್ತಿದ್ದ. ಎದುರಿಗೆ ಕುಳಿತವರು ಬೆಳಗಿನ ಜಾವಕ್ಕೆ ಎದ್ದು ಹಿಟ್ಟು ರುಬ್ಬಿದವರು, ಟೇಬಲ್ ಒರೆಸಿದವರು, ಕಚೇರಿಗಳಿಗೆ ಚಹಾ ಹೊತ್ತವರು. ರೇಖಾಗಣಿತದ ನಡುವೆ ತೂಕಡಿಸಿದ ಹುಡುಗನನ್ನು ಒಳ್ಳೆಯ ಮಾಸ್ತರರು ಬೈಯುತ್ತಿರಲಿಲ್ಲ. ಅವನ ಮೈಯ ದಣಿವು ಏನೆಂದು ಅವರಿಗೆ ಗೊತ್ತಿತ್ತು. ಪಾಠ ಮುಗಿಸಿ ಹೋಟೆಲಿಗೆ ಮರಳಿದರೆ ಗಿರಾಕಿಗಳು ಕುಳಿತೆದ್ದ ಬೆಂಚುಗಳೇ ಹಾಸಿಗೆ.

ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಹಿರಿದಾದದ್ದು ಪಠ್ಯಪುಸ್ತಕವೂ ಅಲ್ಲ, ದೀಪವೂ ಅಲ್ಲ, ಧಣಿಯ ಅನುಮತಿ. ಸಂಜೆಯ ಹೊತ್ತು ಹೋಟೆಲಿನ ವ್ಯಾಪಾರಕ್ಕೆ ಬಿರುಸಿನ ಸಮಯ. ಆ ಸಮಯದಲ್ಲಿ ಕೈಯಾಳನ್ನು ಶಾಲೆಗೆ ಕಳಿಸುವುದೆಂದರೆ ನಷ್ಟವೇ. ಕೆಲವು ಧಣಿಗಳು ಆ ನಷ್ಟವನ್ನು ನಗುತ್ತಲೇ ಹೊತ್ತರು. ಕೆಲವರು ಗೊಣಗುತ್ತ ಒಪ್ಪಿದರು. ಹಲವರು ಒಪ್ಪಲೇ ಇಲ್ಲ. ಎರಡು ಪಕ್ಷದವರೂ ಒಂದು ಕಾಲಕ್ಕೆ ಕಪ್ಪು ತೊಳೆದೇ ಮೇಲೆ ಬಂದವರು. ಒಬ್ಬನಿಗೆ ತನ್ನ ಬಾಲ್ಯದ ನೆನಪು ಬಾಗಿಲನ್ನು ತೆರೆಯುವ ಕೈಯಾಯಿತು. ಮತ್ತೊಬ್ಬನಿಗೆ ಅದೇ ನೆನಪು ಮುಚ್ಚುವ ಅಗುಳಿಯಾಯಿತು. “ತಾನು ತಿಂದ ಪೆಟ್ಟನ್ನು ಇವನೂ ತಿನ್ನಲಿ, ಆಗ ಮನುಷ್ಯನಾಗುತ್ತಾನೆ” ಎಂಬುದು ಎರಡನೆಯವನ ತತ್ತ್ವಶಾಸ್ತ್ರ. ಕಷ್ಟವು ಶೀಲವನ್ನು ರೂಪಿಸುತ್ತದೆ ಎಂಬ ಮಾತು ಇಲ್ಲಿ ಬಹು ಸುಲಭವಾಗಿ ಕಡಿಮೆ ಸಂಬಳದ ಸಮರ್ಥನೆಯಾಗುತ್ತದೆ.

ರಾತ್ರಿ ಶಾಲೆಯ ಓದು ಮುಗಿಸಿದವರಿಗೆ ಮುಂದಿನ ಮೆಟ್ಟಿಲು ಕೋಟೆ ಪ್ರದೇಶದಲ್ಲಿಯೇ ಇತ್ತು. 1946ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿತು. ದುಡಿಯುವ ಯುವಕರಿಗೆಂದೇ ಅಲ್ಲಿ ಬೆಳಗಿನ ತರಗತಿಗಳನ್ನು ಏರ್ಪಡಿಸಲಾಯಿತು. ಪಾಠ ಮುಗಿಸಿಕೊಂಡು ಕೆಲಸಕ್ಕೆ ಹೋಗಬಹುದಿತ್ತು. ಈ ಏರ್ಪಾಡಿನ ಬೇರು ಪರೇಲಿನ ಚಾಳಿನ ಒಂದು ಖೋಲಿಯಲ್ಲಿದೆ. ಆ ಒಂದೇ ಕೋಣೆ ಸಂಸಾರಕ್ಕೆಲ್ಲ ಸಾಕಾಗಬೇಕಿತ್ತು, ಓದಲು ಜಾಗವಿರಲಿಲ್ಲ. ತಂದೆ ರಾಮಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಮಗನನ್ನು ಎಬ್ಬಿಸುವುದಕ್ಕಾಗಿ ತಾವು ಎಚ್ಚರವಿರುತ್ತಿದ್ದರು. 1907ರಲ್ಲಿ ಮೆಟ್ರಿಕ್ ತೇರ್ಗಡೆಯಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವು ಬರೆದ ಬುದ್ಧನ ಚರಿತ್ರೆಯನ್ನು ಆ ಬಾಲಕನಿಗೆ ಕೊಟ್ಟರು. ಮುಂದೆ ಬಡೋದೆಯ ಮಹಾರಾಜರ ನೆರವು ದೊರೆಯುವುದಕ್ಕೂ ಅವರೇ ಕಾರಣರಾದರು. ಜಾತಿಯ ಅವಮಾನವೂ ಬಡತನವೂ ಆ ಬಾಲಕನಿಗೆ ಸಾಕಷ್ಟಿದ್ದವು. ಅವು ಅವನನ್ನು ಮುರಿಯದಂತೆ ಕಾಯ್ದದ್ದು ನಿದ್ದೆಗೆಟ್ಟ ತಂದೆ ಮತ್ತು ಪುಸ್ತಕ ಕೊಟ್ಟ ಗುರು. ದೊಡ್ಡವನಾದ ಮೇಲೆ ಆತ ಇತರರಿಗೆ “ನೀವೂ ಎರಡು ಗಂಟೆಗೆ ಏಳಿ” ಎಂದು ಉಪದೇಶಿಸಿ ಸುಮ್ಮನಾಗಲಿಲ್ಲ. ದುಡಿಯುವವನ ದಿನಚರಿಗೆ ಹೊಂದುವಂತೆ ಕಾಲೇಜಿನ ಗಂಟೆಯನ್ನೇ ಬದಲಾಯಿಸಿದರು.

ಕರಾವಳಿಯ ಮತ್ತೊಬ್ಬ ಹುಡುಗನ ಕಥೆ ಬೇರೆ ಬಗೆಯದು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿದ್ದರು. ಅಲ್ಲಿ ಗುರುಗಳ ಊಟದ ಮೇಜಿಗೂ ಶಿಷ್ಯರ ಮೇಜಿಗೂ ಇದ್ದ ಅಂತರ ಸಹಿಸದೆ ಹೊರಬಂದರು. 1949ರಲ್ಲಿ ಮುಂಬಯಿಗೆ ಬಂದಾಗ ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ಸೂರಿಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗಿದರೆ ನಡುರಾತ್ರಿ ಪೊಲೀಸರು ಬಂದು ಎಬ್ಬಿಸಿ ಓಡಿಸುತ್ತಿದ್ದುದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಸಿಕ್ಕಿದರು. ಗೋದಿಗಳ ಬದಿಯ ಇಂದಿನ ಪಿ. ಡಿಮೆಲ್ಲೊ ರಸ್ತೆ ಅವರ ಹೆಸರಿನದು. ಬೆಂಚಿನ ಮೇಲೆ ಹುಟ್ಟಿದ ಕೋಪಕ್ಕೆ ಆ ಹಿರಿಯರು ಒಂದು ದಾರಿ ಕೊಟ್ಟರು. ಮುನಿಸಿಪಾಲಿಟಿಯ ನೌಕರರು, ಹೋಟೆಲ್ ಕಾರ್ಮಿಕರು, ಟ್ಯಾಕ್ಸಿ ಚಾಲಕರು ಸಂಘಟಿತರಾದರು. 1967ರಲ್ಲಿ ಮುಂಬಯಿಯ ಮಕುಟವಿಲ್ಲದ ದೊರೆ ಎನಿಸಿದ್ದ ಎಸ್. ಕೆ. ಪಾಟೀಲರನ್ನು ಫರ್ನಾಂಡಿಸ್ ದಕ್ಷಿಣ ಮುಂಬಯಿ ಕ್ಷೇತ್ರದಲ್ಲಿ ಸೋಲಿಸಿದರು. 1974ರ ರೈಲ್ವೆ ಮುಷ್ಕರ, ತುರ್ತು ಪರಿಸ್ಥಿತಿಯ ಸೆರೆವಾಸ, 1977ರಲ್ಲಿ ಸೆರೆಮನೆಯಿಂದಲೇ ಮುಜಫರಪುರದ ಗೆಲುವು — ಇವೆಲ್ಲ ದೇಶಕ್ಕೆ ತಿಳಿದವು. ಮುಂದೆ ಅವರು ಹಿಡಿದ ರಾಜಕೀಯ ದಾರಿಯನ್ನು ಹಳೆಯ ಸಂಗಾತಿಗಳಲ್ಲಿ ಅನೇಕರು ಒಪ್ಪಲಿಲ್ಲ. ಯೌವನದ ಕಷ್ಟ ಮನುಷ್ಯನಿಗೆ ಆಜೀವ ಪ್ರಮಾಣಪತ್ರ ಕೊಡುವುದಿಲ್ಲ. ಬೆಂಚಿನ ಮೇಲೆ ಮಲಗಿದವನೂ ಪ್ರತಿ ದಶಕದಲ್ಲಿ ಹೊಸದಾಗಿ ಪರೀಕ್ಷೆಗೆ ಕೂರಬೇಕಾಗುತ್ತದೆ.

ಕಷ್ಟದ ಪಕ್ಕದಲ್ಲಿ ಯಾವ ಕೈಯೂ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಇದೇ ನಗರ ಕಂಡಿದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಮುಷ್ಕರ ಮುಗಿಯಿತೆಂದು ಯಾರೂ ಅಧಿಕೃತವಾಗಿ ಘೋಷಿಸಲಿಲ್ಲ, ಅದು ಸವೆದುಹೋಯಿತು. ಪಾತ್ರೆ, ತಾಳಿ, ಊರಿನ ತುಂಡು ಭೂಮಿ ಮಾರಿದ ಸಂಸಾರಗಳಿದ್ದವು. ಲಾಲಬಾಗ್, ಪರೇಲ್‌ಗಳ ಕೆಲವು ಯುವಕರು ಭೂಗತ ಗುಂಪುಗಳ ಕಡೆ ಹೊರಳಿದರು. ಅವರ ಅಪ್ಪಂದಿರು ಸೋಮಾರಿಗಳಾಗಿರಲಿಲ್ಲ, ಅವರು ಅನುಭವಿಸಿದ ಕಷ್ಟ ಹೋಟೆಲ್ ಹುಡುಗನ ಕಷ್ಟಕ್ಕಿಂತ ಕಡಿಮೆಯದೂ ಆಗಿರಲಿಲ್ಲ. ಅದೇ ಗಿರಣಗಾಂವದಲ್ಲಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಬಡ್ಡಿಸಾಲದಲ್ಲಿ ಮುಳುಗಿದ್ದಾಗ, 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ ಅವರಿಗೆ ಬ್ಯಾಂಕಿನ ಸಾಲ ದೊರಕುವಂತೆ ಮಾಡಿದ್ದರು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದಿದ್ದ ಆ ಹೆಂಗಸರು ತಮ್ಮ ಸಾಲದ ಲೆಕ್ಕವನ್ನು ತಾವೇ ನೋಡಿಕೊಳ್ಳುವಂತಾದರು. ಕೇರಿ ಒಂದೇ, ಬಡತನವೂ ಒಂದೇ.

ಜೈನ ಪರಂಪರೆಯಲ್ಲಿ ಬೆಳೆದವರಿಗೆ ಇಲ್ಲಿ ಒಂದು ಸಂದೇಹ ಏಳುವುದು ಸಹಜ. ತತ್ತ್ವಾರ್ಥಸೂತ್ರವು 22 ಪರೀಷಹಗಳನ್ನು ಎಣಿಸುತ್ತದೆ. ಅವನ್ನು ಸಹಿಸುವುದೇ ಮುನಿಯ ಮಾರ್ಗವಲ್ಲವೇ? ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಗಳ ಕಡಿತ, ಬೈಗುಳ, ಹೊಡೆತ, ಬೇಡಿದರೂ ದೊರೆಯದಿರುವುದು: ಆ ಪಟ್ಟಿಯನ್ನು ಓದಿದರೆ ಹೋಟೆಲ್ ಹುಡುಗನ ದಿನಚರಿಯನ್ನು ಓದಿದಂತೆಯೇ ಅನಿಸುತ್ತದೆ. ಆದರೆ ಮುನಿಯು ಅವನ್ನು ತಿಳಿದು, ಒಪ್ಪಿ, ಕರ್ಮನಿರ್ಜರೆಗಾಗಿ ತನ್ನ ಮೇಲೆ ತಾನೇ ತೆಗೆದುಕೊಂಡವನು. ಹನ್ನೆರಡು ವರ್ಷದ ಹುಡುಗನನ್ನು ಯಾರೂ ಕೇಳಿಯೇ ಇರಲಿಲ್ಲ. ತನ್ನ ಉಪವಾಸ ವ್ರತವಾಗುತ್ತದೆ. ಇನ್ನೊಬ್ಬನ ಉಪವಾಸವನ್ನು ಕಂಡು ಅದನ್ನೂ ವ್ರತವೆಂದು ಹೊಗಳಿ ಸುಮ್ಮನಿರುವುದು ಹಿಂಸೆಯ ಒಂದು ನಯವಾದ ರೂಪ. ಮೆರವಣಿಗೆಗೂ ಪಂಚಕಲ್ಯಾಣಕ್ಕೂ ಉದಾರವಾಗಿ ಕೊಡುವ ಕೈಗಳು ಇದನ್ನು ಗಮನಿಸಿದರೆ ಒಳಿತು.

ಕಾನೂನಿನ ಮಟ್ಟದಲ್ಲಿ ಈ ಪ್ರಶ್ನೆ ತಡವಾಗಿ ಇತ್ಯರ್ಥವಾಯಿತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ 1986ರ ಕಾಯ್ದೆಯಿದ್ದರೂ, 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ ಮತ್ತು ಮನೆಗೆಲಸಗಳಲ್ಲಿ ದುಡಿಸುವುದರ ಮೇಲಿನ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆಗಲೂ ಹಿರಿಯರ ಬಾಯಲ್ಲಿ ಕೇಳಿದ್ದು ಅದೇ ಮಾತು: ಹೀಗೆ ಮಾಡಿದರೆ ಬಡ ಹುಡುಗ ಮೇಲೆ ಬರುವುದು ಹೇಗೆ? ಹುಡುಗನು ಹಗಲಿನ ಶಾಲೆಯಿಂದಲೂ ಮೇಲೆ ಬರಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆಯದಿದ್ದುದು ಅವರ ತಪ್ಪೆನ್ನುವಂತೆಯೂ ಇಲ್ಲ. ಅವರು ಹಗಲಿನ ಶಾಲೆಯನ್ನು ಕಂಡವರೇ ಅಲ್ಲ.

ಈಗ ಮುಂಬಯಿಯ ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ತುಳು ಮಾತು ಕೇಳುವುದು ವಿರಳ. ಊರಿನ ಹುಡುಗರು ಈಗ ಆ ಕೆಲಸಕ್ಕೆ ಬರುವುದಿಲ್ಲ. ಅದು ಸಂತೋಷದ ವಿಷಯ. ಮೋರಿಯ ಬಳಿ ಕುಳಿತವರು ಉತ್ತರ ಪ್ರದೇಶ, ಬಿಹಾರ, ಝಾರ್ಖಂಡ್‌ಗಳಿಂದ, ನೇಪಾಳದಿಂದ ಬಂದ ಹದಿನೆಂಟು-ಇಪ್ಪತ್ತರ ಯುವಕರು. ಅವರಲ್ಲಿ ಶಾಲೆ ಅರ್ಧಕ್ಕೆ ಬಿಟ್ಟವರು ಬಹಳ. ಇತ್ತ ರಾತ್ರಿ ಶಾಲೆಗಳು ಸೊರಗಿವೆ. ಹಗಲಿನ ಶಾಲೆಯಲ್ಲಿ ದುಡಿದು ರಾತ್ರಿಯೂ ಪಾಠ ಹೇಳುತ್ತಿದ್ದ ಶಿಕ್ಷಕರನ್ನು ಮಹಾರಾಷ್ಟ್ರ ಸರಕಾರ 2017ರಲ್ಲಿ ರಾತ್ರಿ ಶಾಲೆಗಳಿಂದ ಬಿಡುಗಡೆಗೊಳಿಸಿದಾಗ ಅವು ಮತ್ತಷ್ಟು ಬಡವಾದವು. ಒಬ್ಬನಿಗೆ ಎರಡು ಸಂಬಳವೇಕೆ ಎಂಬುದು ಕಚೇರಿಯ ಲೆಕ್ಕವಾಗಿದ್ದಿರಬಹುದು. ತೂಕಡಿಸುವ ಹುಡುಗನನ್ನು ಬೈಯದ ಮಾಸ್ತರನ ಲೆಕ್ಕವನ್ನು ಅದು ಇಟ್ಟಿರಲಿಲ್ಲ. ನಗರದ ಕನ್ನಡ ಸಂಸ್ಥೆಗಳ ಬಳಿ ಇಂದು ಹವಾನಿಯಂತ್ರಿತ ಸಭಾಗೃಹಗಳಿವೆ, ಅಜ್ಜಂದಿರು ಕನಸಿನಲ್ಲಿಯೂ ಕಾಣದ ನಿಧಿಗಳಿವೆ. ಅವುಗಳ ಪದಾಧಿಕಾರಿಗಳಲ್ಲಿ ಅನೇಕರು ರಾತ್ರಿ ಶಾಲೆಯಲ್ಲಿ ಓದಿದವರು, ಇಲ್ಲವೇ ಓದಿದವರ ಮಕ್ಕಳು. ಝಾರ್ಖಂಡಿನ ಒಬ್ಬ ಹುಡುಗ ಸಂಜೆ ಆರೂವರೆಗೆ ಕೈ ಒರೆಸಿಕೊಂಡು ಗಲ್ಲೆಯ ಮುಂದೆ ನಿಂತು, ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬೇಕಾಗಿದೆ, ಎರಡು ಗಂಟೆ ಬಿಡುತ್ತೀರಾ ಎಂದು ತನ್ನ ಭಾಷೆಯಲ್ಲಿ ಕೇಳಿದರೆ, ಗಲ್ಲೆಯಲ್ಲಿ ಕುಳಿತವರು ಗಡಿಯಾರವನ್ನು ನೋಡುತ್ತಾರೆ. ಹೊರಗೆ ಗಿರಾಕಿಗಳು ತುಂಬಿದ್ದಾರೆ.